ಉಗಿಬಂಡಿಯ ವೇಷ ತೊಟ್ಟ ವಿದ್ಯುತ್ ರೈಲು

ನಮ್ಮ ರೈಲ್ವೆ ಇಲಾಖೆಯ ಪಿತೃಭಕ್ತಿಯನ್ನು ಯಾರೂ ಶಂಕಿಸಬಾರದು. ಹಿರಿಯರನ್ನು ಗುಜರಿಯವರಿಗೆ ತೂಕಕ್ಕೆ ಮಾರಿ, ಆಮೇಲೆ ಬೇರೊಬ್ಬರಿಗೆ ಅವರದೇ ಪಂಚೆ ಪೇಟ ಸುತ್ತಿ ಪಡಸಾಲೆಯಲ್ಲಿ ಕೂರಿಸಿ ಅಡ್ಡಬೀಳುವ ಮಟ್ಟಕ್ಕೆ ಆ ಭಕ್ತಿ ಬೆಳೆದಿದೆ.

ಆ ಹಿರಿಯರಲ್ಲಿ ಡಬ್ಲ್ಯುಪಿ ವರ್ಗದ ಉಗಿ ಎಂಜಿನ್ನುಗಳದು ದೊಡ್ಡ ಕುಟುಂಬ. 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಮೊದಲ 16 ಬಂದವು. ಮುಂದಿನ ಎರಡು ದಶಕಗಳಲ್ಲಿ ಕೆನಡಾ, ಪೋಲೆಂಡ್, ಆಸ್ಟ್ರಿಯಾಗಳ ಕಾರ್ಖಾನೆಗಳೂ ನಮ್ಮ ಚಿತ್ತರಂಜನ್ ಕಾರ್ಖಾನೆಯೂ ಕೈಜೋಡಿಸಿ ಸಂಖ್ಯೆಯನ್ನು 755ಕ್ಕೆ ಏರಿಸಿದವು. ಚೂಪು ಮೂತಿಯ ಮೇಲೆ ನಕ್ಷತ್ರ ಧರಿಸಿ, ಬೂದಿಯೇ ಹೆಚ್ಚಿರುವ ನಮ್ಮ ಕಳಪೆ ಕಲ್ಲಿದ್ದಲನ್ನೇ ಉಂಡು, ಹೆಸರಾಂತ ಎಕ್ಸ್‌ಪ್ರೆಸ್ ಗಾಡಿಗಳನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ ಎಳೆದ ಇವು ಒಳ್ಳೆಯ ಊಟವನ್ನೂ ಕೇಳಿದವಲ್ಲ. 1995ರ ಡಿಸೆಂಬರಿನಲ್ಲಿ ಬ್ರಾಡ್‌ಗೇಜ್ ಎಂಬ ಅಗಲ ಹಳಿಯ ನಿತ್ಯಸೇವೆಯಿಂದ ಉಗಿಯೇ ನಿವೃತ್ತವಾಯಿತು.

ಗುಜರಿ ತಪ್ಪಿಸಿಕೊಂಡ ಕೆಲವು ಎಂಜಿನ್ನುಗಳಿಗೆ ಸಿಮೆಂಟಿನ ಕಟ್ಟೆ ದೊರೆಯಿತು. ಸಾಹೇಬರ ಭೇಟಿ ಗೊತ್ತಾದಾಗಲೆಲ್ಲ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುವುದಕ್ಕೆ ಸಂರಕ್ಷಣೆ ಎಂದು ಹೆಸರು. ಬಾಯ್ಲರಿನ ಒಳಗೆ ಇಣುಕಿ ನೋಡುವುದು ಅಶಿಸ್ತು. ಹರಿಯಾಣದ ರೇವಾಡಿಯ ಶೆಡ್ಡಿನಲ್ಲಿ ಮಾತ್ರ, ಚಿತ್ತರಂಜನ್‌ನಲ್ಲಿ 1965ರಲ್ಲಿ ಹುಟ್ಟಿದ ‘ಅಕ್ಬರ್’ನಂಥವರಿಗೆ ಬೆಂಕಿ ಹಾಕಿ ಓಡಿಸಿದ್ದುಂಟು. ಆದರೆ ನಿಜವಾದ ಎಂಜಿನ್ನಿಗೆ ಕಲ್ಲಿದ್ದಲು ಬೇಕು, ನೀರು ಬೇಕು, ಅದರ ಮರ್ಜಿ ಬಲ್ಲ ಫೈರ್‌ಮನ್ ಬೇಕು. ಪರಂಪರೆಗೆ ಇಷ್ಟೆಲ್ಲ ಉಪದ್ರವ ಏಕೆ?

ಈ ತೊಡಕಿಗೆ 2023ರ ಅಕ್ಟೋಬರ್ 31ರಂದು ಗುಜರಾತಿನ ಏಕತಾ ನಗರದಲ್ಲಿ ಪರಿಹಾರ ಅನಾವರಣಗೊಂಡಿತು. ಅಂದು ಹಸಿರು ನಿಶಾನೆ ಪಡೆದ ಪಾರಂಪರಿಕ ರೈಲು ಕಾಣಲು ಉಗಿಬಂಡಿ, ಓಡಲು ವಿದ್ಯುತ್ತಿನದು. ಮುಂದೆ ದುಂಡನೆಯ ಬಾಯ್ಲರಿನ ಮುಖವಾಡ, ತಲೆಯ ಮೇಲೆ ತಂತಿ. ನಮ್ಮ ಬಯಲಾಟದ ಭೀಮನಾದರೂ ಬೆಳಗಾದ ಮೇಲೆ ವೇಷ ಕಳಚುತ್ತಾನೆ. ಈ ಭೀಮನಿಗೆ ಬೆಳಗಿನದೇ ಪಾಳಿ.

ಇತಿಹಾಸ ಬಲ್ಲ ಅಧಿಕಾರಿಗಳಿಗೆ ಒಂದು ವಿನಂತಿ. ಏಕತಾ ನಗರದ ದಾರಿಯಲ್ಲೇ ಸಿಗುವ ದಭೋಯಿಗೆ 1862ರಲ್ಲಿ ಮಿಯಾಗಾಮ್‌ನಿಂದ ಹಳಿ ಬಂದಾಗ ಬಂಡಿಗಳನ್ನು ಎಳೆದದ್ದು ಎತ್ತುಗಳು. ಪರಂಪರೆಯಲ್ಲಿ ಹಿರಿತನ ಅವುಗಳದೇ ಆದ್ದರಿಂದ, ಮುಂದಿನ ಟೆಂಡರಿನಲ್ಲಿ ಒಂದು ಜೊತೆ ಫೈಬರ್ ಕೊಂಬು, ಎರಡು ಗಂಟೆ, ಒಂದು ಬಾಲವನ್ನು ಸೇರಿಸಬಹುದು. ಮೇವಿನ ಖರ್ಚಂತೂ ಬರುವುದಿಲ್ಲ.