ಆಂಚೆಲೊಟ್ಟಿ: ಬರೀ ಸಮಾಧಾನ ಅಲ್ಲ, ಆಟದ ಲೆಕ್ಕನೂ ಐತಿ

ಫುಟ್‌ಬಾಲ್ ಕೋಚ್ ಆಂಚೆಲೊಟ್ಟಿ ಬಗ್ಗೆ ನೀವು ಬರೆದ ಲೇಖನ ಚಲೋ ಐತ್ರಿ. ಆದ್ರ ಕಾರ್ಲೊ ಆಂಚೆಲೊಟ್ಟಿ ಐದು ಸಲ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ) ಗೆದ್ದ ಕೋಚ್ ಆಗಿದ್ದು ದೊಡ್ಡ ಆಟಗಾರರನ್ನ ಸಮಾಧಾನದಿಂದ ನೋಡಿಕೊಂಡಿದ್ದಕ್ಕ ಅಂತ ಬರದು ಬಿಟ್ರ ಹ್ಯಾಂಗ್ರೀ?

ಇಟಲಿಯ ಮಿಲಾನ್ ಕ್ಲಬ್ ಪರ 1989, 1990ರಾಗ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೇ ಹೆಸರು) ಗೆದ್ದ ಮಿಡ್‌ಫೀಲ್ಡರ್ ಅವರು. ಅಲ್ಲಿನ ಕೋಚ್ ಸಾಕ್ಕಿಯವರ 4-4-2 (ನಾಲ್ಕು ಡಿಫೆಂಡರ್, ನಾಲ್ಕು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್) ಕಲಿತು ಬಂದು, ಪಾರ್ಮಾ ಕ್ಲಬ್‌ನ ಕೋಚ್ ಆದಾಗ ಅದನ್ನ ಹಟ ಹಿಡಿದು, ಸ್ಟ್ರೈಕರ್ ಹಿಂದ ಆಡೋ ರಾಬರ್ಟೊ ಬಾಜಿಯೊನಂಥವರಿಗೆ ಅದರಾಗ ಜಾಗ ಇಲ್ಲಂತ ಬ್ಯಾಡ ಅಂದ್ರು. ಯುವೆಂಟಸ್ ಕ್ಲಬ್‌ನಾಗ ಅಂಥದ್ದೇ ಆಟಗಾರ ಜಿದಾನ್ ಸಿಕ್ಕ ಮ್ಯಾಲೆ ಆ ಹಟ ಬಿಟ್ರು.

ಮುಂದ ಮಿಲಾನ್ ಕೋಚ್ ಆಗಿ ಮಿಡ್‌ಫೀಲ್ಡರ್ ಪಿರ್ಲೊರನ್ನ ಡಿಫೆನ್ಸ್ ಮುಂದ ನಿಲ್ಲಿಸಿದ್ರು (ಬ್ರೆಶಿಯಾ ಕ್ಲಬ್‌ನಾಗ ಕೋಚ್ ಮಾಜ್ಜೋನೆ ಇದನ್ನ ಮೊದಲ ಮಾಡಿದ್ರು, ಅದನ್ನೂ ಹೇಳಬೇಕು). ಪಿರ್ಲೊಗೆ ಓಟ ಕಡಿಮಿ, ಅದಕ್ಕ ಬಲಕ್ಕ ಗಟ್ಟುಸೊ, ಎಡಕ್ಕ ಸೀಡಾರ್ಫ್. ನಾಲ್ಕು ಮಿಡ್‌ಫೀಲ್ಡರ್ ವಜ್ರದ ಆಕಾರದಾಗ (ಹಿಂದ ಒಬ್ಬ, ಎಡ-ಬಲಕ್ಕ ಒಬ್ಬೊಬ್ಬ, ಮುಂದ ಒಬ್ಬ) ನಿಲ್ಲೋದಕ್ಕ ಡೈಮಂಡ್ ಅಂತಾರ. ವಿಂಗರ್ (ಬದಿಗೆ ಆಡೋ ಆಟಗಾರ) ಇಲ್ಲದ ಈ ಡೈಮಂಡ್‌ನಾಗ ಬದಿ ಖಾಲಿ ಬೀಳತಾವ. ಎದುರಾಳಿಯ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಕಡೆ ಗಟ್ಟುಸೊ ಓಡಿದಾಗ ಪಿರ್ಲೊ, ಸೀಡಾರ್ಫ್ ಇಬ್ಬರೂ ಅದೇ ಹೊತ್ತಿಗೆ ಸರಿಲಿಲ್ಲ ಅಂದ್ರ ನಡು ತೆರೆದು ಹೋಕ್ಕೈತಿ.

ಹುಬ್ಬಳ್ಳಿ-ಧಾರವಾಡದಾಗ ಹುಡುಗರಿಗೆ ಡೈಮಂಡ್ ಆಡಸೋರು ಮೊದಲ ಈ ಸರಿಯೋದನ್ನ ಕಲಸ್ರಿ. ಚೆಂಡು ಇಲ್ಲದಂಗ, ನೀವು ಕೈ ತೋರಿಸಿದ ದಿಕ್ಕಿಗೆ ಈ ಮೂರು ಜಾಗದ ಹುಡುಗರು ಒಟ್ಟಿಗೆ ಹೋಗಲಿ, ನಡುವ ಹತ್ತು ಹೆಜ್ಜೆಗಿಂತ ಹೆಚ್ಚು ಅಂತರ ಬ್ಯಾಡ. ಆಮ್ಯಾಲೆ ಚೆಂಡು ಕೊಡ್ರಿ. ಗರಸಿನ ನೆಲದಾಗ ಚೆಂಡು ಪುಟೀತೈತಿ. ಪಿರ್ಲೊ ಜಾಗದಾಗ ನಿಂತ ಹುಡುಗ ಎದುರಾಳಿಗೆ ಬೆನ್ನು ತಿರುಗಿಸಿ ಚೆಂಡು ತಗೊಂಡ್ರ, ಅದನ್ನ ಕಸಗೊಂಡವನ ಎದುರು ಇಬ್ಬರು ಸ್ಟಾಪರ್ (ನಡುವಿನ ಡಿಫೆಂಡರ್) ಅಷ್ಟ ಉಳಿತಾರ. ಆ ಪಿರ್ಲೊ ಜಾಗದ ಹುಡುಗನಿಗೆ ಮೈ ಅಡ್ಡಕ್ಕ ತಿರುಗಿಸಿ ನಿಂತು, ಹೆಗಲ ಮ್ಯಾಲಿಂದ ಒಮ್ಮೆ ಹಿಂದ ನೋಡೇ ಚೆಂಡು ತಗೊಳ್ಳೋದು ರೂಢಿ ಆಗಬೇಕು.

2023ರಾಗ ಸ್ಟ್ರೈಕರ್ ಬೆಂಜೆಮಾ ಹೋದ ಮ್ಯಾಲೆ ರಿಯಲ್ ಮ್ಯಾಡ್ರಿಡ್‌ನಾಗ ಆಂಚೆಲೊಟ್ಟಿ ಮಿಡ್‌ಫೀಲ್ಡರ್ ಬೆಲಿಂಗ್‌ಹ್ಯಾಮ್‌ರನ್ನ ಇದೇ ಡೈಮಂಡ್‌ನ ಮುಂದಿನ ತುದಿಗೆ ಹಾಕಿದ್ರು. ಲೇಖನದಾಗ ಆ ಸೀಸನ್ ಬಗ್ಗೆ ಒಂದು ಪ್ಯಾರಾನಾದ್ರೂ ಸೇರಸ್ರಿ.