ಮಳೆ ಜಾಸ್ತಿ ಅಂತ ಕೊಡಗಿಗೆ ವಾಟರ್ ಕೂಲ್ಡ್ ಸಾಫ್ಟಿ ಮಷಿನ್ ಮಾರುವವರಿಗೆ

ಮಡಿಕೇರಿಯ ಒಂದು ಅಂಗಡಿ ಎದುರು ಇವತ್ತು ಕಂಡದ್ದು. ಸಾಫ್ಟಿ ಮಷಿನ್ ಹಿಂದಿನಿಂದ ಅರ್ಧ ಇಂಚಿನ ಪೈಪು, ಅದರಿಂದ ಉಗುರುಬೆಚ್ಚಗಿನ ಚೊಕ್ಕ ನೀರು ಸೀದಾ ಚರಂಡಿಗೆ. ಏಪ್ರಿಲ್ ತಿಂಗಳಲ್ಲಿ! ಪಕ್ಕದ ಬಿಲ್ಡಿಂಗಿಗೆ ಟ್ಯಾಂಕರ್ ನೀರು ಇಳಿಸ್ತಾ ಇತ್ತು. ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ. ಬೆಂಗಳೂರಿಂದ ಮಷಿನ್ ಕೊಟ್ಟವರು ಹೇಳಿದ್ದು ಅದೇ ಹಳೇ ಮಾತು: "ನಿಮ್ಮ ಕೊಡಗಲ್ಲಿ ನೀರಿಗೇನು ಬರ ಸಾರ್, ವಾಟರ್ ಕೂಲ್ಡೇ ತಗೊಳ್ಳಿ." ವಾಟರ್ ಕೂಲ್ಡ್ ಅಂದ್ರೆ ಮಷಿನ್ನಿನ ಶಾಖವನ್ನು ಹರಿಯೋ ನೀರಿಗೆ ಬಿಡೋದು, ಏರ್ ಕೂಲ್ಡ್ ಅಂದ್ರೆ ಫ್ಯಾನ್ ಹಾಕಿ ಗಾಳಿಗೆ ಬಿಡೋದು.

ಮಳೆ ಬರುತ್ತೆ ಮಾರಾಯ್ರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಯಥೇಚ್ಛ ಬರುತ್ತೆ. ಆಗ ಕೊಡೆ ಹಿಡ್ಕೊಂಡು ಸಾಫ್ಟಿ ತಿನ್ನೋಕೆ ಯಾರು ಬರ್ತಾರೆ? ವ್ಯಾಪಾರ ಇರೋದು ಏಪ್ರಿಲ್, ಮೇ. ಅಷ್ಟೊತ್ತಿಗೆ ದುಬಾರೆಯಲ್ಲಿ ಕಾವೇರಿಯ ಬಂಡೆಗಳೆಲ್ಲ ಎದ್ದು ಕೂತಿರುತ್ತವೆ. ತೋಟದ ಕೆರೆ ನೀರು ಫೆಬ್ರವರಿ-ಮಾರ್ಚಲ್ಲೇ ರೊಬಸ್ಟಾ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದು ತಳ ಹಿಡಿದಿರುತ್ತೆ. ನೀರು ಇರುವಾಗ ಗಿರಾಕಿ ಇಲ್ಲ, ಗಿರಾಕಿ ಇರುವಾಗ ನೀರಿಲ್ಲ. ಇಷ್ಟು ಗೊತ್ತಿಲ್ಲದವರು ನಮಗೆ ಕೂಲಿಂಗ್ ಸಿಸ್ಟಂ ಆರಿಸಿ ಕೊಡ್ತಾರೆ.

ಲೆಕ್ಕ ನೋಡಿ. ಎರಡು ಎಚ್‌ಪಿ ಕಂಪ್ರೆಸರ್ ಇರೋ ಮಷಿನ್ ಐಸ್‌ಕ್ರೀಮ್ ಮಿಕ್ಸ್‌ನಿಂದ ಎಳೆದ ಶಾಖ, ಕಂಪ್ರೆಸರಿನದೇ ಶಾಖ ಎರಡೂ ಸೇರಿ ಅಂದಾಜು 4 ಕಿಲೋವ್ಯಾಟ್ ಹೊರಗೆ ಹಾಕಬೇಕು. ನೀರು 10 ಡಿಗ್ರಿ ಬಿಸಿಯಾಗಿ ಹೊರಗೆ ಹೋಗುತ್ತೆ ಅಂತಿಟ್ಟುಕೊಂಡರೆ ಗಂಟೆಗೆ ಸುಮಾರು 340 ಲೀಟರ್ ಬೇಕು. ಸೀಸನ್ನಲ್ಲಿ ಕಂಪ್ರೆಸರ್ ದಿನಕ್ಕೆ ಆರು ಗಂಟೆ ಓಡಿದರೆ 2,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ಮೂರು ದಿನ ದಾಟಿ ಬರುವ ನೀರು. ಕೋನ್‌ಗೆ ಎಷ್ಟು ಇಟ್ಟರೆ ಟ್ಯಾಂಕರ್ ದುಡ್ಡು ಹುಟ್ಟುತ್ತೆ ಅಂತ ನೀವೇ ಹೇಳಿ.

"ಚರಂಡಿಗೆ ಯಾಕೆ ಬಿಡೋದು, ಡ್ರಮ್ಮಿಗೆ ಬಿಟ್ಟು ಪಂಪಲ್ಲಿ ತಿರುಗಿಸ್ತೀವಿ" ಅನ್ನೋ ಬುದ್ಧಿವಂತರೂ ಇದ್ದಾರೆ. 500 ಲೀಟರ್ ನೀರಿಗೆ 4 ಕಿಲೋವ್ಯಾಟ್ ಸುರಿದರೆ ಗಂಟೆಗೆ ಏಳು ಡಿಗ್ರಿ ಏರುತ್ತೆ. ಬೆಳಿಗ್ಗೆ 25 ಡಿಗ್ರಿ ಇದ್ದ ನೀರು, ಮಷಿನ್ ಬಿಡದೆ ಓಡಿದರೆ ಮೂರು ಗಂಟೆಯಲ್ಲಿ 45. ಸರಿಯಾಗಿ ಮಧ್ಯಾಹ್ನ ರಾಜಾಸೀಟ್ ಕಡೆಯಿಂದ ಜನ ಬರುವಾಗ, ಒಳಗಿನ ಕೂಲಿಂಗ್ ಗ್ಯಾಸಿನ ಒತ್ತಡ ಮಿತಿ ಮೀರಿದರೆ ಮಷಿನ್ ನಿಲ್ಲಿಸೋ ಹೈ ಪ್ರೆಷರ್ ಕಟ್‌ಔಟ್ ಬಿದ್ದು ಮಷಿನ್ ಬಂದ್. ಅದನ್ನು ತಣಿಸೋಕೆ ಕೂಲಿಂಗ್ ಟವರ್ ಬೇಕು, ಅದಕ್ಕೆ ಬೇರೆ ಜಾಗ, ಬೇರೆ ಖರ್ಚು.

ಇನ್ನೊಂದು ವಿಷಯ ಮಾರುವವರು ಬಾಯಿ ಬಿಡೋದೇ ಇಲ್ಲ: ನೀರಿನ ಒತ್ತಡ. ಈ ಮಷಿನ್‌ಗಳ ವಾಟರ್ ವಾಲ್ವ್‌ಗೆ 20-25 ಪಿಎಸ್‌ಐ ಆದ್ರೂ ಬೇಕು. ಟ್ಯಾಂಕ್ ಹತ್ತು ಅಡಿ ಮೇಲಿದ್ದರೆ ಸಿಗೋದು ನಾಲ್ಕು ಪಿಎಸ್‌ಐ ಚಿಲ್ಲರೆ. ಟ್ಯಾಂಕನ್ನು 50 ಅಡಿ ಎತ್ತರಕ್ಕೆ ಏರಿಸ್ತೀರಾ? ಆಗಲ್ಲ, ಪ್ರೆಷರ್ ಪಂಪ್ ಹಾಕಬೇಕು. ಕರೆಂಟ್ ಹೋದಾಗ ಜನರೇಟರಿಗೆ ಅದರ ಲೋಡೂ ಸೇರುತ್ತೆ. ಬೋರ್‌ವೆಲ್ ನೀರಾದ್ರೆ ಕಬ್ಬಿಣದ ಕೆಂಪು ಕೆಸರು ಸ್ಟ್ರೇನರಲ್ಲಿ, ಸುಣ್ಣದ ಪದರ ಪೈಪಿನೊಳಗೆ ಪೈಪಿರೋ ಕಂಡೆನ್ಸರಲ್ಲಿ (ಗ್ಯಾಸಿನ ಶಾಖ ಹೊರಗೆ ಹಾಕೋ ಭಾಗ). ಆ ಕಂಡೆನ್ಸರನ್ನು ಬ್ರಷ್ ಹಾಕಿ ತಿಕ್ಕೋಕೆ ಆಗಲ್ಲ, ಆಸಿಡ್ ಸುತ್ತಿಸಿಯೇ ತೊಳೆಯಬೇಕು.

ವಾಟರ್ ಕೂಲ್ಡ್ ಪರ ಇರೋರ ಮಾತೂ ಕೇಳೋಣ. ಸದ್ದು ಕಡಿಮೆ, ಅಂಗಡಿ ಬಿಸಿಯಾಗಲ್ಲ, 40 ಡಿಗ್ರಿ ಸೆಕೆಯಲ್ಲೂ ಉತ್ಪಾದನೆ ಇಳಿಯಲ್ಲ. ಸರಿ, ಕಲಬುರಗಿಯಲ್ಲಿ ನೀರಿನ ಗಟ್ಟಿ ವ್ಯವಸ್ಥೆ ಇದ್ದವರು ಹಾಕ್ಕೊಳ್ಳಲಿ. ಮಡಿಕೇರಿಯಲ್ಲಿ ಬೇಸಿಗೆ ಮಧ್ಯಾಹ್ನ 30ರ ಆಸುಪಾಸು. ಪ್ರಕೃತಿ ಪುಕ್ಕಟೆ ಕೊಟ್ಟ ತಂಪು ಗಾಳಿ ಬಿಟ್ಟು ದುಡ್ಡು ಕೊಟ್ಟ ನೀರಲ್ಲಿ ಮಷಿನ್ ತಣಿಸೋದು ಯಾವ ಜಾಣತನ? ಕುಶಾಲನಗರ ಸ್ವಲ್ಪ ಸೆಕೆ, ಆದ್ರೂ ಅಲ್ಲಿಗೂ ಏರ್ ಕೂಲ್ಡೇ ಸಾಕು.

ಆದ್ರೆ ಏರ್ ಕೂಲ್ಡ್ ತಗೊಂಡು ಗೋಡೆಗೆ ಒತ್ತಿ ಇಡೋರಿಗೆ ಏನು ಹೇಳೋದು! ಸುತ್ತ ಕನಿಷ್ಠ ಆರು ಇಂಚು ಬಿಡಿ, ಗಾಳಿ ಹೊರಗೆ ಬರೋ ಕಡೆ ಇನ್ನೂ ಜಾಸ್ತಿ. ಪಕ್ಕದಲ್ಲಿ ಡೀಪ್ ಫ್ರೀಜರ್ ಇದ್ರೆ ಅದರ ಬಿಸಿಗಾಳಿ ಇದರ ಮುಖಕ್ಕೆ ಹೊಡೀಬಾರದು. ಬೋಂಡಾ ಬಾಣಲೆ ಪಕ್ಕವಂತೂ ಬೇಡವೇ ಬೇಡ. ಎಣ್ಣೆ ಹಬೆ ಕಂಡೆನ್ಸರಿನ ತೆಳು ತಗಡಿನ ಫಿನ್‌ಗೆ ಅಂಟುತ್ತೆ, ಅದರ ಮೇಲೆ ಧೂಳು ಕೂತು ಕಂಬಳಿ ಆಗುತ್ತೆ. ಸಣ್ಣ ಅಂಗಡಿಯಾದ್ರೆ ನಿಮಿಷಕ್ಕೆ 900-1,000 ಘನ ಅಡಿ ಎಳೆಯೋ ಎಕ್ಸಾಸ್ಟ್ ಫ್ಯಾನ್ ಮೇಲ್ಗಡೆ ಕೂರಿಸಿ, ಹೊಸ ಗಾಳಿ ಒಳಗೆ ಬರೋಕೆ ದಾರಿನೂ ಬಿಡಿ. ಆಗ ಮಷಿನ್ ಬಿಡೋ ಆ 4 ಕಿಲೋವ್ಯಾಟ್ ಶಾಖಕ್ಕೆ ಅಂಗಡಿ ಒಳಗಿನ ಗಾಳಿ ಹೊರಗಿಂತ ಏಳೆಂಟು ಡಿಗ್ರಿಗಿಂತ ಹೆಚ್ಚು ಏರಲ್ಲ.

ವಾರಕ್ಕೊಮ್ಮೆ ಮೇನ್ ಆಫ್ ಮಾಡಿ ಮೆತ್ತಗಿನ ಬ್ರಷ್ಷಲ್ಲಿ ಫಿನ್ ಇರೋ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದರೆ ಮಡಚಿ ಹೋಗುತ್ತೆ. ಇಷ್ಟು ಮಾಡದೆ, ಸಾಫ್ಟಿ ಕೋನಲ್ಲಿ ನಿಲ್ಲದೆ ಜಾರಿದ ಕೂಡಲೇ ಐಸ್‌ಕ್ರೀಮ್ ಮಿಕ್ಸ್‌ಗೆ ಗಟ್ಟಿ ಮಾಡೋ ಸ್ಟೆಬಿಲೈಸರ್ ಪುಡಿ ಜಾಸ್ತಿ ಸುರಿಯೋದು, ಇಲ್ಲಾ "ಗ್ಯಾಸ್ ಕಮ್ಮಿ" ಅಂತ ತುಂಬಿಸೋದು. ಮುಚ್ಚಿದ ಲೈನಲ್ಲಿ ಗ್ಯಾಸ್ ತಾನಾಗಿ ಕಮ್ಮಿ ಆಗಲ್ಲ ಸ್ವಾಮಿ, ಕಮ್ಮಿ ಆಗಿದ್ರೆ ಲೀಕ್ ಇದೆ. ಮೊದಲು ಲೀಕ್ ಹುಡುಕಿ ಮುಚ್ಚಿ, ವ್ಯಾಕ್ಯೂಮ್ ಹಾಕಿ ಲೈನಿನ ಗಾಳಿ ತೆಗೆದು, ಗ್ಯಾಸ್ ಆರ್404ಎ ಬಗೆಯದಾದ್ರೆ ಸಿಲಿಂಡರಿನಿಂದ ದ್ರವವಾಗಿಯೇ, ತೂಕ ಮಾಡಿ ಹಾಕಬೇಕು. (ಇಷ್ಟೆಲ್ಲ ಬರೆಯೋ ನನಗೆ ಸಾಫ್ಟಿ ಅಂದ್ರೆ ಅಷ್ಟಕ್ಕಷ್ಟೇ. ಕಾಫಿ ಸಾಕು.)

ಮಳೆಗಾಲದಲ್ಲಿ ಏರ್ ಕೂಲ್ಡ್‌ಗೂ ಒಂದು ಕಾಟ ಇದೆ, ಥಂಡಿ. ಅಂಗಡಿಯೊಳಗೇ 16-17 ಡಿಗ್ರಿಗೆ ಇಳಿದ್ರೆ ಹೆಡ್ ಪ್ರೆಷರ್ (ಕಂಪ್ರೆಸರಿನಿಂದ ಹೊರಬರೋ ಗ್ಯಾಸಿನ ಒತ್ತಡ) ಬಿದ್ದು ಕ್ಯಾಪಿಲರಿ ಅನ್ನೋ ಸಣ್ಣ ಕೊಳವೆಯಲ್ಲಿ ಸಾಕಷ್ಟು ಗ್ಯಾಸ್ ಹರಿಯಲ್ಲ, ಸಾಫ್ಟಿ ಗಟ್ಟಿಯಾಗೋಕೆ ಹೊತ್ತು ಹಿಡಿಯುತ್ತೆ. ಪ್ರೆಷರ್ ನೋಡಿ ಫ್ಯಾನ್ ನಿಲ್ಲಿಸಿ ಓಡಿಸೋ ಸ್ವಿಚ್ ಹಾಕಿದರೆ ಮುಗೀತು. ಕರೆಂಟ್ ಹೋಗಿ ಬಂದ ತಕ್ಷಣ ಕಂಪ್ರೆಸರ್ ಹೊರಡದ ಹಾಗೆ ಮೂರು ನಿಮಿಷದ ಟೈಮರ್ ಇರಲಿ, ವೋಲ್ಟೇಜ್ ಸ್ಟೆಬಿಲೈಸರ್ ಇರಲಿ. ಇದು ಎರಡೂ ಬಗೆಯ ಮಷಿನ್‌ಗೆ.

ಈಗಾಗಲೇ ವಾಟರ್ ಕೂಲ್ಡ್ ತಗೊಂಡು ಕೂತವರು ಮೊದಲು ಹೊರಗೆ ಹೋಗೋ ನೀರನ್ನು ಮುಟ್ಟಿ ನೋಡಿ. ಬೆಚ್ಚಗೇ ಇಲ್ಲ ಅಂದ್ರೆ ವಾಲ್ವ್ ಬೇಕಾಬಿಟ್ಟಿ ತೆರೆದಿದೆ. ಗೇಜ್ ಹಾಕಿ, ಆರ್404ಎ ಮಷಿನಲ್ಲಿ ಹೆಡ್ ಪ್ರೆಷರ್ 240-250 ಪಿಎಸ್‌ಐ ನಿಲ್ಲುವಷ್ಟಕ್ಕೆ ವಾಲ್ವ್ ಬಿಗಿ ಮಾಡಿಸಿ. ಕಂಪ್ರೆಸರ್ ನಿಂತ ಮೇಲೂ ನೀರು ಹರೀತಾ ಇದ್ರೆ ವಾಲ್ವ್ ಒಳಗೆ ಕಸ ಸಿಕ್ಕಿದೆ, ಬಿಚ್ಚಿಸಿ ತೊಳೆಸಿ. ಕಂಡೆನ್ಸರ್ ಬದಲಿಸಿ ಏರ್ ಕೂಲ್ಡ್ ಮಾಡಬಹುದಾ ಅಂತ ಕೇಳೋರು ಮಷಿನ್ ಹಿಂದಿನ ಪ್ಲೇಟಿನ ಫೋಟೊ ಕಾಮೆಂಟಲ್ಲಿ ಹಾಕಿ. ಗ್ಯಾಸ್ ಯಾವುದು, ಕಂಪ್ರೆಸರ್ ಎಷ್ಟರದ್ದು ಅಂತ ಕಾಣುವ ಹಾಗೆ ಇರಲಿ. ಅಂಗಡಿ ಬೋರ್ಡಿನ ಫೋಟೊ ಬೇಡ.