ನೆಹರೂಗೆ ನಾಮವೋ, ವಿಭೂತಿಯೋ?

ಗಣಪತಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೂತಿದ್ದೆ. ನನ್ನದು ಚಿಲ್ಲರೆ ಕೆಲಸ. ತೋಟದ ಗೇಟಿಗೆ ‘ನಾಯಿ ಇದೆ’ ಅನ್ನೋ ಬೋರ್ಡು. ನನಗಿಂತ ಮುಂದೆ ಬಂದಿದ್ದವರು ನಮ್ಮ ಊರ ಕಡೆಯ ಗಣಪತಿ ಸಮಿತಿ ಹುಡುಗರು. ಅವರದ್ದು 20 ಅಡಿಗೆ 10 ಅಡಿ. ನಡುವೆ ಗಣಪತಿ, ಕೆಳಗೆ ಸಮಿತಿಯವರ ಮುಖಗಳು, ಮೇಲೆ ಸಾಲಾಗಿ ದೇಶ ಕಟ್ಟಿದ ಮಹನೀಯರು.

ಕಂಪ್ಯೂಟರ್ ಮುಂದಿನ ಹುಡುಗ ಮೌಸ್ ನಿಲ್ಲಿಸಿ ಕೇಳಿದ. “ಅಣ್ಣ, ನೆಹರೂಗೆ ನಾಮ ಹಾಕ್ಲಾ, ವಿಭೂತಿ ಹಾಕ್ಲಾ?”

ಸಮಿತಿ ಯೋಚನೆಗೆ ಬಿತ್ತು. ಕೊನೆಗೆ ಅಧ್ಯಕ್ಷರೇ ತೀರ್ಮಾನ ಕೊಟ್ಟರು. “ಕಾಶ್ಮೀರಿ ಪಂಡಿತರಲ್ವಾ? ಗಂಧ ಇಡು. ಸಣ್ಣದು ಸಾಕು.”

ಆ ಪುಣ್ಯಾತ್ಮ 1954ರಲ್ಲೇ ಉಯಿಲು ಬರೆದಿಟ್ಟಿದ್ದರು. ನಾನು ಸತ್ತ ಮೇಲೆ ಯಾವ ಧಾರ್ಮಿಕ ವಿಧಿಯೂ ಬೇಡ, ನಂಬಿಕೆ ಇಲ್ಲದೆ ಶಾಸ್ತ್ರಕ್ಕೆ ಅಂತ ಮಾಡಿಸಿಕೊಂಡರೂ ಅದು ಆಷಾಢಭೂತಿತನ ಅಂತ. ಒಂದು ಹಿಡಿ ಬೂದಿ ಗಂಗೆಗೆ ಬಿಡಿ, ಅದೂ ಚಿಕ್ಕಂದಿನಿಂದ ಆ ನದಿ ಮೇಲೆ ಪ್ರೀತಿ ಅಂತ, ಧರ್ಮದ ಲೆಕ್ಕದಲ್ಲಿ ಅಲ್ಲ ಅಂದಿದ್ದರು. 1964ರ ಮೇನಲ್ಲಿ ಹೋದರು. ಚಿತೆಗೆ ಮಂತ್ರ, ಪುರೋಹಿತರು, ಎಲ್ಲ ಬಂತು. ದೆಹಲಿಯವರೇ ಕೇಳದ ಮಾತನ್ನು ಪಾಪ ಫ್ಲೆಕ್ಸ್ ಹುಡುಗ ಯಾಕೆ ಕೇಳಬೇಕು?

ಅಂಬೇಡ್ಕರ್ ಅವರನ್ನು ಗಣಪತಿಯ ಬಲಗಿವಿಗೆ ತಾಗುವಂತೆ ಕೂರಿಸಿದ್ದರು. ನನಗೆ ತಡೆಯಲಿಲ್ಲ. “ಅಲ್ಲ ಮಾರಾಯ್ರೆ, ಇವರು 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬೌದ್ಧ ಧರ್ಮಕ್ಕೆ ಸೇರಿದಾಗ ಜನಕ್ಕೆ 22 ಪ್ರತಿಜ್ಞೆ ಮಾಡಿಸಿದ್ದಾರೆ. ಮೂರನೆಯದ್ದೇ ಗೌರಿ ಗಣಪತಿಯನ್ನು ಪೂಜಿಸಲ್ಲ ಅಂತ” ಅಂದೆ.

ಸಮಿತಿಯವರು ಮುಖ ಮುಖ ನೋಡಿಕೊಂಡರು. “ಹಂಗಾದ್ರೆ ಎಡಗಡೆಗೆ ಹಾಕ್ತೀವಿ ಬಿಡಿ ಸಾರ್.”

ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ತಾನು ಯಾಕೆ ನಾಸ್ತಿಕ ಅಂತ ಜೈಲಲ್ಲಿ ಕೂತು ಬರೆದ ಭಗತ್ ಸಿಂಗ್ ಹಣೆಗೆ ಉದ್ದನೆಯ ಕುಂಕುಮ ಬಂತು. ಹಸು ಉಪಯೋಗದ ಪ್ರಾಣಿ, ಪೂಜೆ ಮಾಡುವ ದೇವರಲ್ಲ ಎಂದು ವಾದಿಸಿದ್ದ ಸಾವರ್ಕರ್ ಪಕ್ಕಕ್ಕೆ ಒಂದು ಗೋಮಾತೆ, ಕರು ಸಮೇತ ಬಂತು. ಮೌಲಾನಾ ಆಜಾದ್ ಸರದಿ ಬಂದಾಗ ಮಾತ್ರ ಜಾಗ ಸಾಲಲಿಲ್ಲ. ಕುರಾನಿಗೆ ವ್ಯಾಖ್ಯಾನ ಬರೆದ ಪಂಡಿತರು, ದೇಶ ಒಡೆಯಬೇಡಿ ಎಂದು ಕೊನೆತನಕ ಹೇಳಿದವರು. ಅವರ ಜಾಗದಲ್ಲಿ ಖಜಾಂಚಿ ಕೂತರು. ಖಜಾಂಚಿ ಐದು ಸಾವಿರ ಕೊಟ್ಟಿದ್ದರಂತೆ.

ಇನ್ನೊಂದು ಕಡೆಯವರೂ ಏನೂ ಕಡಿಮೆ ಇಲ್ಲ. ಅಕ್ಟೋಬರ್ ಎರಡಕ್ಕೆ ನಮ್ಮಲ್ಲಿ ಒಬ್ಬರು ಭಾಷಣಕ್ಕೆ ಬರುತ್ತಾರೆ. ದೇಶ ಕಟ್ಟಿದವರೆಲ್ಲ ದೇವರನ್ನು ದೂರ ಇಟ್ಟವರು ಎಂದು ಗುಡುಗುತ್ತಾರೆ. ಅವರ ಹಿಂದಿನ ಗೋಡೆಯಲ್ಲಿ ತೂಗುವುದು ಗಾಂಧಿ ಪಟ. ದಿನಾ ಸಂಜೆ ರಾಮನಾಮ ಹೇಳಿಸಿ, ಅದೇ ಪ್ರಾರ್ಥನೆಯಲ್ಲಿ ಕುರಾನ್ ಸಾಲನ್ನೂ ಓದಿಸಿ, ಎರಡೂ ಕಡೆಯವರಿಂದ ಬೈಸಿಕೊಂಡ ಮುದುಕ. ನೆಹರೂ ಬೇಡ ಬೇಡ ಅಂದರೂ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ 1951ರ ಮೇನಲ್ಲಿ ಸೋಮನಾಥ ದೇವಸ್ಥಾನದ ಪ್ರತಿಷ್ಠಾಪನೆಗೆ ಹೋಗಿ ಬಂದದ್ದು ಆ ಭಾಷಣದಲ್ಲಿ ಯಾವತ್ತೂ ಬರುವುದಿಲ್ಲ.

ನಿಜ ಹೇಳಬೇಕೆಂದರೆ ಈ ಜಗಳವನ್ನು ದೇಶ ಕಟ್ಟಿದವರೇ ನಮಗಿಂತ ಚೆನ್ನಾಗಿ ಆಡಿ ಮುಗಿಸಿದ್ದರು. 1949ರ ಅಕ್ಟೋಬರ್ 17. ಸಂವಿಧಾನ ಸಭೆ. ಹರಿ ವಿಷ್ಣು ಕಾಮತ್ ಎದ್ದು ನಿಂತರು. ಹುಟ್ಟಿದ್ದು ಮಂಗಳೂರಲ್ಲಿ, ಅಂದರೆ ನಮ್ಮ ಘಟ್ಟ ಇಳಿದರೆ ಸಿಗುವ ಊರವರೇ. ಪೀಠಿಕೆ ‘ದೇವರ ಹೆಸರಿನಲ್ಲಿ’ ಅಂತ ಶುರುವಾಗಲಿ ಅಂದರು. ಶುರುವಾಯಿತು ನೋಡಿ. ಅಸ್ಸಾಂ ಕಡೆಯ ಸದಸ್ಯರೊಬ್ಬರು ನಾವು ಕಾಮಾಖ್ಯ ದೇವಿಯವರು, ದೇವರು ಮಾತ್ರ ಯಾಕೆ, ದೇವಿಯೂ ಇರಲಿ ಅಂದರು. ದಯವಿಟ್ಟು ದೇವರನ್ನು ಮತಕ್ಕೆ ಹಾಕಿ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ ಅಂತ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಬಗ್ಗಲಿಲ್ಲ. ಮತಕ್ಕೆ ಹಾಕಲೇಬೇಕು ಅಂದರು. ಹಾಕಿದರು. ಪರವಾಗಿ 41, ವಿರುದ್ಧ 68. ದೇವರು 27 ಮತಗಳಿಂದ ಸೋತರು! ನಮ್ಮ ಅಡಿಕೆ ಸೊಸೈಟಿ ಚುನಾವಣೆಯಲ್ಲೂ ಇಷ್ಟು ಸ್ಪಷ್ಟ ಫಲಿತಾಂಶ ಬರುವುದಿಲ್ಲ.

ವಿರುದ್ಧ ಕೈ ಎತ್ತಿದವರಲ್ಲಿ ಎಷ್ಟೋ ಜನ ಬೆಳಿಗ್ಗೆ ಪೂಜೆ ಮುಗಿಸಿಯೇ ಬಂದಿರುತ್ತಾರೆ, ಅದಂತೂ ಗ್ಯಾರಂಟಿ. ಮನೆಯ ದೇವರು ಮನೆಯಲ್ಲಿರಲಿ ಅಂತ ಅವರ ಲೆಕ್ಕ. ಪ್ರಮಾಣವಚನಕ್ಕೆ ಬಂದಾಗ ಬೇಕಾದವರು ದೇವರ ಹೆಸರು ಹೇಳಿ, ಬೇಡದವರು ಬಿಡಿ ಅಂತ ಎರಡೂ ದಾರಿ ಇಟ್ಟರು.

ಗಾಂಧಿ ಫೋಟೊಗೆ ಏನು ಹಾಕಬೇಕು ಅಂತ ಕೊನೆತನಕ ಗೊತ್ತಾಗಲಿಲ್ಲ. ಸತ್ಯವೇ ದೇವರು ಅಂದವರಿಗೆ ಹಾಕೋ ಗುರುತು ಆ ಕಂಪ್ಯೂಟರಲ್ಲಿ ಇರಲಿಲ್ಲ. ಹುಡುಗ ಹುಡುಕಿ ಹುಡುಕಿ ಸೋತು ತಲೆ ಹಿಂದೆ ಒಂದು ಪ್ರಭಾವಳಿ ತಿರುಗಿಸಿಟ್ಟ.

ಹಬ್ಬ ಮುಗಿಯಿತು, ಗಣಪತಿ ತುಂಗೆಗೆ ಹೋದ. ಫ್ಲೆಕ್ಸ್ ಯಾರ ಯಾರ ಕೈ ದಾಟಿ ಬಂತೋ, ಈಗ ನಮ್ಮ ಕೊಟ್ಟಿಗೆ ಪಕ್ಕದ ಸೌದೆ ರಾಶಿ ಮೇಲಿದೆ. ಮಲೆನಾಡಲ್ಲಿ ಯಾವ ಫ್ಲೆಕ್ಸೂ ಹಾಳಾಗುವುದಿಲ್ಲ. ಮೊನ್ನೆ ಮಧ್ಯಾಹ್ನ ಜಡಿಮಳೆ ಹಿಡಿದಾಗ ಅಮ್ಮ ಒಳಗಿಂದ ಕೂಗಿದಳು. “ಏ, ಗಾಂಧಿ ಮುಖ ಅಡಿಗೆ ಮಾಡಿ ಹೊದಿಸೋ. ಪಾಪ, ನೆನೀತದೆ.”

ಗಾಂಧಿ 1927ರಲ್ಲಿ ಸಾಗರದವರೆಗೂ ಬಂದಿದ್ದರು. ಪಕ್ಕದಲ್ಲೇ ಜೋಗ ಇದೆ, ನೋಡಿ ಬರೋಣ ಅಂತ ಅವರ ಒಡನಾಡಿ ಕಾಕಾ ಕಾಲೇಲ್ಕರ್ ಎಷ್ಟು ಕರೆದರೂ ಹೋಗಲಿಲ್ಲವಂತೆ. ಮಳೆ ಅದಕ್ಕಿಂತ ಎತ್ತರದಿಂದ ಬೀಳುತ್ತಲ್ಲ ಅಂದರಂತೆ. ನಾನು ಫ್ಲೆಕ್ಸ್ ಮಗುಚಲು ಹೋದೆ. ಒಬ್ಬನಿಗೇ ಆಗಲಿಲ್ಲ. ಒಂದು ತುದಿ ಮಾತ್ರ ಮಡಚಿ ಕಲ್ಲು ಹೇರಿ ಬಂದೆ. ಆ ತುದಿಯಲ್ಲಿ ಇದ್ದವರು ಖಜಾಂಚಿ.